ರಾಜೀನಾಮೆಯ ಭಾಷಣ

ಭಾನುವಾರ ಬೆಳಿಗ್ಗೆ ಬೆರಳಚ್ಚುಗಾರರು ಬಾಯಿಗೆ ಬ್ರಷ್ ಇಟ್ಟಿದ್ದರಷ್ಟೇ, ಮೂರನೇ ಮಹಡಿಯ ಅಜ್ಜಿ ಬಾಗಿಲು ಬಡಿದರು.

"ಕಾರ್ಯದರ್ಶಿಗಳೇ, ನಲ್ಲೀಲಿ ಬರೀ ಗಾಳಿ ಬರ್ತಿದೆ!"

ಅವರ ಹಿಂದೆಯೇ ಎರಡನೇ ಮಹಡಿಯ ದರ್ಜಿ. ಅವನ ಮನೆಯ ಛಾವಣಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅಜ್ಜಿಯ ನೀರು ಎಲ್ಲಿ ಹೋಯಿತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಹದಿನಾರು ಮನೆಗಳ ಆ ಕಟ್ಟಡದ ಸಂಘಕ್ಕೆ ಬೆರಳಚ್ಚುಗಾರರು ಆರು ವರ್ಷದಿಂದ ಕಾರ್ಯದರ್ಶಿ. ಸಂಬಳವಿಲ್ಲ, ರಜೆಯಿಲ್ಲ, ಬೈಗುಳಕ್ಕೆ ಮಾತ್ರ ಬರವಿಲ್ಲ.

ಇಬ್ಬರನ್ನೂ ಸಾಗಹಾಕಿ ಒಳಗೆ ಬಂದರೆ ಹೆಂಡತಿ ಮಂಚದ ಮೇಲೆ ಸೂಟ್‌ಕೇಸ್ ತೆರೆದಿಟ್ಟು ಬಟ್ಟೆ ಮಡಚುತ್ತಿದ್ದಳು.

"ಸಂಜೆ ಸಂಘದ ಸಭೆ ಇದೆಯಲ್ಲ, ಈ ಕೆಲಸ ಬಿಟ್ಟು ಬಂದ್ರೆ ಸರಿ. ಇಲ್ಲಾಂದ್ರೆ ನಾನು ನಮ್ಮಕ್ಕನ ಮನೆಗೆ. ನೀವು ಆ ಪಂಪಿನ ಜೊತೇನೇ ಸಂಸಾರ ಮಾಡ್ಕೊಂಡಿರಿ."

"ಹೋದ ವರ್ಷಾನೂ ಬಿಡ್ತೀನಿ ಅಂದೆ ಕಣೇ, ಯಾರು ಕೇಳಿದ್ರು?"

"ಹೇಳೋ ಹಾಗೆ ಹೇಳಿದ್ರೆ ಕೇಳ್ತಾರೆ. ಇಪ್ಪತ್ತು ವರ್ಷದಿಂದ ನಿಮ್ಮ ನಾಯಕರ ಭಾಷಣ ಟೈಪ್ ಮಾಡ್ತಿದ್ದೀರಲ್ಲ, ಏನು ಕಲಿತ್ರಿ?"

ಮಾತು ನಾಟಿತು. ಪಕ್ಷದ ಕಚೇರಿಯಲ್ಲಿ ಕೂತು ನಾಯಕರ ಗುಟ್ಟುಗಳನ್ನೆಲ್ಲ ಅವರು ಅರೆದು ಕುಡಿದಿದ್ದರು. ಒಂದೇ ಮಾತನ್ನು ಮೂರು ಸಲ ಹೇಳಬೇಕು: ಮೊದಲನೆಯದು ಕಿವಿಗೆ, ಎರಡನೆಯದು ತಲೆಗೆ, ಮೂರನೆಯದು ಚಪ್ಪಾಳೆಗೆ. ಉತ್ತರ ಗೊತ್ತಿರುವ ಪ್ರಶ್ನೆಯನ್ನೇ ಜನರಿಗೆ ಕೇಳಬೇಕು. ಏನೂ ಕೈಹಿಡಿಯದಿದ್ದರೆ ಹೆತ್ತತಾಯಿಯನ್ನು ನೆನೆದು ಕಣ್ಣೊರೆಸಿಕೊಳ್ಳಬೇಕು. ಮಧ್ಯಾಹ್ನವಿಡೀ ಕೂತು ಅವರು ಅಂಥದೇ ಒಂದು ರಾಜೀನಾಮೆ ಭಾಷಣ ಬರೆದರು.

ಸಂಜೆ ತಾರಸಿಯಲ್ಲಿ ಸಭೆ ಸೇರಿತು. ಅಧ್ಯಕ್ಷತೆ ನಿವೃತ್ತ ಮೇಷ್ಟ್ರದು. ಹೆಂಡತಿ ಕೊನೆಯ ಸಾಲಿನಲ್ಲಿ ಕೈಕಟ್ಟಿ ಕೂತಿದ್ದಳು. ಬೆರಳಚ್ಚುಗಾರರು ಗಂಟಲು ಸರಿಮಾಡಿಕೊಂಡರು.

"ಬಂಧುಗಳೇ, ದಣಿದಿದ್ದೇನೆ! ನಿಜಕ್ಕೂ ದಣಿದಿದ್ದೇನೆ! ನಿಮ್ಮ ಸೇವೆಯಲ್ಲಿ ದಣಿದಿದ್ದೇನೆ!"

ಮೂರನೆಯದಕ್ಕೆ ಸರಿಯಾಗಿ ಚಪ್ಪಾಳೆ ಬಿತ್ತು. "ಪಾಪ, ನಮಗೋಸ್ಕರ!" ಎಂದು ಅಜ್ಜಿ ಮೂಗೊರೆಸಿಕೊಂಡರು. ಬೆರಳಚ್ಚುಗಾರರಿಗೆ ಹುರುಪು ಬಂತು.

"ಹದಿನಾರು ಮನೆಗಳಲ್ಲಿ ನನ್ನೊಬ್ಬನನ್ನು ಬಿಟ್ಟರೆ ಸಮರ್ಥರೇ ಇಲ್ಲವೇ?"

"ಇಲ್ಲಾ!" ಎಂದಿತು ಸಭೆ, ಒಕ್ಕೊರಲಿನಿಂದ.

ನಾಯಕರ ಸಭೆಗಳಲ್ಲಿ ಸರಿಯಾದ ಉತ್ತರ ಕೂಗಲೆಂದೇ ಮುಂದಿನ ಸಾಲಿನಲ್ಲಿ ನಾಲ್ಕು ಜನರನ್ನು ಕೂರಿಸಿರುತ್ತಾರೆಂಬುದು ಅವರಿಗೆ ಆಗ ನೆನಪಾಯಿತು. ಬೆವರೊರೆಸಿಕೊಂಡು ಬೇರೆ ದಾರಿ ಹಿಡಿದರು.

"ಪಂಪು ಮೂರು ಸಲ ಸುಟ್ಟುಹೋಯಿತು. ಯಾರ ತಪ್ಪು? ನನ್ನ ತಪ್ಪು!"

ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು. "ನೋಡಿ, ತಪ್ಪು ಒಪ್ಕೊಳ್ಳೋ ಮನುಷ್ಯ! ಈ ಕಾಲದಲ್ಲಿ ಇಂಥವ್ರು ಸಿಗ್ತಾರಾ? ಇನ್ನೂ ಐದು ವರ್ಷ ಇವರೇ ಇರ್ಲಿ ಅಂತ ಸೂಚಿಸ್ತೀನಿ."

"ನಂದು ಅನುಮೋದನೆ!" ಎಂದ ದರ್ಜಿ.

ಕೊನೆಯ ಸಾಲಿನಲ್ಲಿ ಹೆಂಡತಿ ಎದ್ದು ಮೆಟ್ಟಿಲ ಕಡೆ ಹೊರಟಳು. ಬೆರಳಚ್ಚುಗಾರರು ಗಡಿಬಿಡಿಯಿಂದ ಹಾಳೆ ತಿರುವಿದರು. ಉಳಿದದ್ದು ಕಣ್ಣೀರಿನ ಅಸ್ತ್ರ ಒಂದೇ. ಆದರೆ ಅವರ ತಾಯಿ ಈ ಕಟ್ಟಡವನ್ನು ಕಂಡವರೇ ಅಲ್ಲ.

"ನಿಲ್ಲಿ! ಈ ಕಟ್ಟಡ ನಡೆಸಿದ್ದು ನಾನಲ್ಲ. ಹೊತ್ತಲ್ಲದ ಹೊತ್ತಲ್ಲಿ ನಿಮಗೆ ಬಾಗಿಲು ತೆಗೆದವಳು ಯಾರು? ನನಗೆ ಬರಬೇಕಾದ ಬೈಗುಳ ತಾನು ತಿಂದವಳು ಯಾರು? ಅಗೋ, ಆ ಮಹಾತಾಯಿ! ನನ್ನನ್ನಲ್ಲ, ಅವಳನ್ನು ಬಿಡುಗಡೆ ಮಾಡಿ!"

ಇದನ್ನು ಅವರು ಬರೆದುಕೊಂಡಿರಲಿಲ್ಲ. ಕಣ್ಣೀರು ತಾನಾಗಿಯೇ ಬಂತು. ಆರು ವರ್ಷದಲ್ಲಿ ಅವಳಿಗೆ ಒಂದು ಒಳ್ಳೆಯ ಮಾತೂ ಆಡಿರಲಿಲ್ಲವೆಂದು ನಿಜವಾಗಿಯೂ ನಾಚಿಕೆಯಾಯಿತು.

"ಹಾಗಿದ್ರೆ ಅವಳೇ ಕಾರ್ಯದರ್ಶಿ ಆಗ್ಲಿ!" ಎಂದರು ಅಜ್ಜಿ.

ತಾರಸಿ ಬಿರಿಯುವ ಹಾಗೆ ಚಪ್ಪಾಳೆ ಬಿತ್ತು. ಬೆರಳಚ್ಚುಗಾರರು ನಿರಾಳವಾಗಿ ಉಸಿರುಬಿಟ್ಟರು. ಸೂಟ್‌ಕೇಸ್ ತುಂಬಿಸಿಟ್ಟವಳು ಒಪ್ಪುವುದುಂಟೇ? ಅವಳೂ ಬೇಡವೆನ್ನುತ್ತಾಳೆ, ಕೊನೆಗೆ ಪೀಡೆ ದರ್ಜಿಯಂಥ ಯಾರದಾದರೂ ತಲೆಗೆ ಸುತ್ತಿಕೊಳ್ಳುತ್ತದೆ.

ಆದರೆ ಅವಳಿಗಾಗಿ ಯಾರಾದರೂ ಚಪ್ಪಾಳೆ ತಟ್ಟಿದ್ದು ಜೀವಮಾನದಲ್ಲಿ ಅದೇ ಮೊದಲು. ನಿಧಾನವಾಗಿ ಮುಂದೆ ಬಂದಳು. ಎಲ್ಲರನ್ನೂ ಒಮ್ಮೆ ನೋಡಿದಳು.

"ಬೇಡ ಅಂತ ಇವರಿಗೆ ಹೇಳ್ದೆ." ನಿಲ್ಲಿಸಿದಳು. "ಬೇಡ ಅಂತ ನನಗೆ ನಾನೇ ಹೇಳ್ಕೊಂಡೆ." ಮತ್ತೆ ನಿಲ್ಲಿಸಿದಳು. "ಆದ್ರೆ ನಿಮಗೆ ಬೇಡ ಅನ್ನೋಕೆ ನನ್ನ ಕೈಲಿ ಆಗಲ್ಲ!"

ಇಪ್ಪತ್ತು ವರ್ಷದಲ್ಲಿ ನಾಯಕರಿಗೂ ಅಂಥ ಚಪ್ಪಾಳೆ ಬಿದ್ದದ್ದನ್ನು ಬೆರಳಚ್ಚುಗಾರರು ಕಂಡಿರಲಿಲ್ಲ.

ಸಭೆ ಮುಗಿಸಿ ಗಂಡ ಹೆಂಡತಿ ಇಳಿದುಬರುವಾಗ ಮೇಷ್ಟ್ರು ಅಡ್ಡಬಂದರು.

"ಕಾರ್ಯದರ್ಶಿಗಳೇ, ನಮ್ಮ ಮನೆ ಮುಂದಿನ ಮೆಟ್ಟಿಲ ದೀಪ ಹೋಗಿ ತಿಂಗಳಾಯ್ತು."

ಅವಳು ಎದೆಯ ಮೇಲೆ ಕೈಯಿಟ್ಟುಕೊಂಡಳು. "ಮೇಷ್ಟ್ರೇ, ನಿಮ್ಮ ಮನೆ ಕತ್ತಲೆ ಅಂದ್ರೆ ಅದು ನನ್ನ ಮನೆ ಕತ್ತಲೆ!"

ಮೇಷ್ಟ್ರ ಕಣ್ಣು ಒದ್ದೆಯಾಯಿತು. ಅವಳು ಗಂಡನ ಕಡೆ ತಿರುಗಿದಳು.

"ರೀ, ಹೋಗಿ ಏಣಿ ತನ್ನಿ."