ಹಗ್ಗ ಹಿಡಿದವನ ಪಾಲು

ಪರಸ್ಥಳದಲ್ಲಿ ನೆಲೆಸಿದ ಮನುಷ್ಯನಿಗೆ ಒಂದು ಭ್ರಮೆ ಇರುತ್ತದೆ. ಬಸ್ಸಿನ ವೇಳೆ ಬಾಯಿಪಾಠವಾಗಿ, ತರಕಾರಿ ಅಂಗಡಿಯವನು ಮುಖ ನೋಡಿ ನಗಲು ಶುರು ಮಾಡಿದ ಕೂಡಲೇ ತಾನು ಆ ಊರಿನವನೇ ಆಗಿಬಿಟ್ಟೆ ಎಂದುಕೊಳ್ಳುತ್ತಾನೆ. ಈ ಭ್ರಮೆಯಲ್ಲಿ ನಾನು ಹದಿಮೂರು ವರ್ಷ ಸುಖವಾಗಿದ್ದೆ. ತೊಂಬತ್ತೇಳರಲ್ಲಿ ತಿಪಟೂರಿನ ಕಡೆಯಿಂದ ಕುಂದಾಪುರದ ಹತ್ತಿರದ ಹೈಸ್ಕೂಲಿಗೆ ಗಣಿತದ ಮೇಷ್ಟ್ರಾಗಿ ವರ್ಗವಾಗಿ ಬಂದವನು ನಾನು. ಬೀಜಾಡಿಯಲ್ಲಿ ಸಮುದ್ರಕ್ಕೆ ಕೂಗಳತೆಯಲ್ಲಿ ಬಾಡಿಗೆ ಮನೆ ಹಿಡಿದೆ. ಎರಡು ವರ್ಷ ಕಳೆದು ವಾಪಸು ಹೋಗುತ್ತೇನೆ ಎಂದು ಎಲ್ಲರಿಗೂ ಹೇಳುತ್ತ ಹೇಳುತ್ತ ಅಲ್ಲೇ ಉಳಿದುಬಿಟ್ಟೆ.

ಇಲ್ಲಿನವರು ನಮ್ಮಂಥವರನ್ನು ‘ಘಟ್ಟದ ಮೇಲಿನವರು’ ಎನ್ನುತ್ತಾರೆ. ಅದರಲ್ಲಿ ಕೊಂಕೇನೂ ಇಲ್ಲ, ಬರಿಯ ವಿಳಾಸ. ಆದರೂ ಹದಿಮೂರು ವರ್ಷ ಒಂದೇ ವಿಳಾಸ ಕೇಳಿದರೆ ಯಾರಿಗಾದರೂ ಬೇಜಾರಾಗುತ್ತದೆ. ನಾನು ಮಾತ್ರ ಅದನ್ನು ಅಳಿಸಿಕೊಳ್ಳಲು ಮಾಡಿದ್ದು ಅಷ್ಟಕ್ಕಷ್ಟೆ. ಭಾನುವಾರ ಘಟ್ಟದ ಮೇಲಿನ ಇನ್ನೆರಡು ಸಂಸಾರಗಳನ್ನು ಮನೆಗೆ ಕರೆದು, ಊರಿನಿಂದ ಹೊತ್ತು ತಂದ ರಾಗಿಹಿಟ್ಟಿನಲ್ಲಿ ಮುದ್ದೆ ಮಾಡಿಸಿ, ಉಪ್ಪುಗಾಳಿಗೆ ಕಬ್ಬಿಣದ ಬೀರು ತುಕ್ಕು ಹಿಡಿದದ್ದು, ಡಬ್ಬಿಯಲ್ಲಿಟ್ಟ ಹಪ್ಪಳ ಒದ್ದೆ ಚರ್ಮದ ಹಾಗಾದದ್ದು, ಕುಚ್ಚಲಕ್ಕಿ ಅನ್ನ ಗಂಟಲಲ್ಲಿ ಇಳಿಯದಿದ್ದದ್ದು, ಇವನ್ನೆಲ್ಲ ಸಂಜೆವರೆಗೆ ಬೈಯುತ್ತಿದ್ದೆವು. ಊರಿಗೆ ಹೋದಾಗ ಮಾತ್ರ ನಾನು ಕುಚ್ಚಲಕ್ಕಿಯನ್ನು ಹೊಗಳುತ್ತಿದ್ದೆ. ನನ್ನ ಹೆಂಡತಿ ವಿಮಲ ಈ ವಿಷಯದಲ್ಲಿ ನನಗಿಂತ ಚುರುಕು. ಬಂದ ಆರು ತಿಂಗಳಲ್ಲಿ ಆಕೆ ಹಿತ್ತಿಲಲ್ಲಿ ನಿಂತು ನೆರೆಮನೆಯ ಗಿರಿಜಕ್ಕನನ್ನು “ಹ್ವಾಯ್, ಎಂತ ಪದಾರ್ಥ ಇವತ್ತ್?” ಎಂದು ಕೂಗುವಷ್ಟು ಪಕ್ಷಾಂತರ ಮಾಡಿಯಾಗಿತ್ತು.

ಹೀಗಿರುವಾಗ ನಮ್ಮ ಪಕ್ಕದ ಮನೆಗೆ ಮಾರ್ಟಿನ್ ಬಂದ. ಹಾಲೆಂಡಿನಲ್ಲಿ ಅಂಚೆ ಹಂಚಿ ನಿವೃತ್ತನಾದವನು, ಅರವತ್ತು ದಾಟಿದ ಒಂಟಿ ಮನುಷ್ಯ. ಮಳೆ ಮುಗಿದ ಮೇಲೆ ಬಂದವನು ಬೇಸಿಗೆ ಬಲಿಯುವ ಮೊದಲು ಹೊರಡುವವನಿದ್ದ. ಅವನನ್ನು ಕಂಡು ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ನನಗಿಂತ ದೊಡ್ಡ ಪರದೇಶಿಯೊಬ್ಬ ಕೊನೆಗೂ ಸಿಕ್ಕಿದ್ದ. ಕೇಳದೆಯೇ ನಾನು ಅವನ ಮಾರ್ಗದರ್ಶಿಯಾದೆ. ಕುಂಭಾಶಿಗೆ ಯಾವ ಬಸ್ಸು, ತೆಂಗಿನಮರದ ಕೆಳಗೆ ಕುರ್ಚಿ ಹಾಕಬಾರದೇಕೆ, ಮಧ್ಯಾಹ್ನದ ಬಿಸಿಲಲ್ಲಿ ಮರಳಿನ ಮೇಲೆ ಅಂಗಾತ ಮಲಗಿದರೆ ಊರಿನವರು ಏನೆಂದು ಗಾಬರಿಯಾಗುತ್ತಾರೆ, ಎಲ್ಲವನ್ನೂ ವಿವರಿಸಿದೆ. ಅವನು ಸಣ್ಣ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಜೀವನದಲ್ಲಿ ನನಗೆ ಸಿಕ್ಕ ಅತ್ಯುತ್ತಮ ವಿದ್ಯಾರ್ಥಿ.

ಬೆಳಿಗ್ಗೆ ನಾವಿಬ್ಬರೂ ಕಡಲ ಬದಿಗೆ ಹೋಗುತ್ತಿದ್ದೆವು. ಅಲ್ಲಿ ಮೀನುಗಾರ ಶೀನಣ್ಣನ ತಂಡದವರು ಕೈರಂಪಣಿ ಬಲೆ ಎಳೆಯುತ್ತಿದ್ದರು. ದೋಣಿಯಲ್ಲಿ ಹೋಗಿ ಬಲೆಯನ್ನು ಅರ್ಧಚಂದ್ರಾಕಾರವಾಗಿ ಬಿಟ್ಟು, ಅದರ ಎರಡು ತುದಿಯ ಹಗ್ಗಗಳನ್ನು, ಇಲ್ಲಿನವರ ಬಾಯಲ್ಲಿ ‘ಬಳ್ಳಿ’ಗಳನ್ನು, ದಡದಲ್ಲಿ ನಿಂತ ಎರಡು ಸಾಲು ಜನ ಎಳೆಯುವ ಕೆಲಸ ಅದು. ನಾನು ಮೊದಲಿನಿಂದಲೂ ಕೈ ಹಿಂದೆ ಕಟ್ಟಿಕೊಂಡು, ಚಪ್ಪಲಿ ಒದ್ದೆಯಾಗದಷ್ಟು ದೂರದಲ್ಲಿ ನಿಂತು ನೋಡುತ್ತಿದ್ದೆ. ಮಾರ್ಟಿನ್‌ಗೂ ಹಾಗೆಯೇ ನಿಲ್ಲಲು ಕಲಿಸಿದ್ದೆ. ದುಡಿಯುವವರ ನಡುವೆ ನಾವು ಅಡ್ಡ ಬರಬಾರದು ಎಂದಿದ್ದೆ. ನಾಲ್ಕು ದಿನ ಅವನು ನಿಂತ. ಐದನೆಯ ದಿನ ಚಪ್ಪಲಿ ಕಳಚಿಟ್ಟು, ಪ್ಯಾಂಟು ಮಡಚಿ, ಸೀದಾ ಹೋಗಿ ಹಗ್ಗ ಹಿಡಿದುಬಿಟ್ಟ.

ಗಂಟೆ ಎಂಟರ ಹೊತ್ತಿಗೆ ಅವನು ನಮ್ಮ ಮನೆ ಬಾಗಿಲಲ್ಲಿ ಒಂದು ಪ್ಲಾಸ್ಟಿಕ್ ತೊಟ್ಟೆ ಹಿಡಿದು ನಿಂತಿದ್ದ. ಚೀಲದ ತುಂಬ ಬಂಗಡೆ ಮೀನು. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನಲ್ಲಿ ಪಾಲು ಉಂಟು ಎಂಬ ಈ ದಡದ ಪದ್ಧತಿ ಅವನಿಗೆ ಗೊತ್ತಿರಲಿಲ್ಲ. ಮಾರ್ಗದರ್ಶಿಗೂ ಗೊತ್ತಿರಲಿಲ್ಲ. ತೊಂದರೆಯೇನೆಂದರೆ ಮಾರ್ಟಿನ್ ಶುದ್ಧ ಶಾಕಾಹಾರಿ. ಇಪ್ಪತ್ತು ವರ್ಷದಿಂದ ಮೊಟ್ಟೆ ಕೂಡ ಮುಟ್ಟಿದವನಲ್ಲ. ನಾವೋ ತಲೆತಲಾಂತರದಿಂದ. ಇಬ್ಬರು ಸೊಪ್ಪು ತಿನ್ನುವವರು ಒಂದು ತೊಟ್ಟೆ ಮೀನನ್ನು ನಡುವೆ ಇಟ್ಟುಕೊಂಡು ಜಗಲಿಯಲ್ಲಿ ಕುಳಿತೆವು. ನಿಮಿಷದೊಳಗೆ ಬೀದಿಯ ಬೆಕ್ಕುಗಳೆಲ್ಲ ಬಂದು ನಮ್ಮ ಸಭೆ ಸೇರಿಕೊಂಡವು. ಆ ದಿನ ಊಟ ಮಾಡಿದ್ದು ಅವೇ.

ನಾನು ಅನುಭವಸ್ಥನ ಗತ್ತಿನಲ್ಲಿ, ನಾಳೆ ಪಾಲು ಕೊಡಲು ಬಂದರೆ ಕೈಮುಗಿದು ಬೇಡ ಎಂದುಬಿಡು, ಇಲ್ಲಿಯವರು ಬಹಳ ಒಳ್ಳೆಯವರು, ಅರ್ಥಮಾಡಿಕೊಳ್ಳುತ್ತಾರೆ ಎಂದೆ. ಅವನು ಹಾಗೆಯೇ ಮಾಡಿದ. ಶೀನಣ್ಣ ಅವನ ಮುಖ ನೋಡಿ, ಪಾಲನ್ನು ಎರಡರಷ್ಟು ಮಾಡಿ ಕೊಟ್ಟನಂತೆ. ಮರುದಿನವೂ ಮಾರ್ಟಿನ್ ಕೈಮುಗಿದ. ಆಗ ಶೀನಣ್ಣ ಬುಟ್ಟಿಯೊಳಗಿಂದ ತೋಳುದ್ದದ ಅಂಜಲ್ ಮೀನು ತೆಗೆದು ಅವನ ಕೈಯಲ್ಲಿಟ್ಟು, ಮುಖ ತಿರುಗಿಸಿಕೊಂಡು ಹೋದನಂತೆ. ಮಾರ್ಟಿನ್ ಆ ಮೀನನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದು, ನಾಳೆಯಿಂದ ನಾನು ದಡಕ್ಕೆ ಹೋಗುವುದಿಲ್ಲ, ಅವರಿಗೆ ನನ್ನಿಂದ ಏನೋ ನೋವಾಗಿದೆ ಎಂದ. ಅವನ ಕಣ್ಣು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು. ಈ ಊರಿನಲ್ಲಿ ಅವನಿಗೆ ತುಂಬ ಇಷ್ಟವಾದ ಜಾಗ ಅದೊಂದೇ. ಅದನ್ನು ನನ್ನ ಒಂದು ಉಪದೇಶ ಕಸಿದುಕೊಳ್ಳುವುದರಲ್ಲಿತ್ತು.

ಮರುದಿನ ನಾನೇ ಹೋದೆ. ಚಪ್ಪಲಿ ಒದ್ದೆಯಾದರೂ ಪರವಾಗಿಲ್ಲ ಎಂದು ಬಲೆಯ ಹತ್ತಿರಕ್ಕೇ ಹೋಗಿ ಶೀನಣ್ಣನಿಗೆ ಎಲ್ಲವನ್ನೂ ಹೇಳಿದೆ. ಪಾಪದವನು, ಮೀನು ತಿನ್ನುವುದಿಲ್ಲ, ಅದಕ್ಕೇ ಬೇಡ ಅಂದದ್ದು ಎಂದೆ. ಶೀನಣ್ಣ ಬಲೆಗೆ ಸಿಕ್ಕ ಕಡ್ಡಿ ಬಿಡಿಸುತ್ತ ಕೇಳಿಸಿಕೊಂಡ.

“ತಿಂಬುದ್ ಬಿಡುದ್ ಅವ್ರ್ ಇಷ್ಟ, ಮಾಷ್ಟ್ರೇ,” ಎಂದ. “ಬಳ್ಳಿ ಹಿಡ್ದ್ ಮೇಲೆ ಪಾಲ್ ಅವ್ರದ್ದೇ. ಪಾಲ್ ಬ್ಯಾಡ ಅಂದ್ರೆ ನಮ್ಮನ್ನೇ ಬ್ಯಾಡ ಅಂದ್ಹಾಂಗೆ ಅಲ್ದಾ? ಕಮ್ಮಿ ಆಯ್ತೋ ಏನೋ ಅಂದೇಳಿ ನಾನ್ ಜಾಸ್ತಿ ಹಾಕ್ದೆ.”

ನಾನು ತಲೆಯಾಡಿಸಿದೆ. ಅಷ್ಟಕ್ಕೇ ಹೊರಟುಬಂದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ಮನಸ್ಸು ತಡೆಯಲಿಲ್ಲ. ಅಲ್ಲ ಶೀನಣ್ಣ, ನಾನು ಇಷ್ಟು ವರ್ಷದಿಂದ ಬರುತ್ತಿದ್ದೇನೆ, ನನ್ನನ್ನು ಒಂದು ದಿನವೂ ಹಗ್ಗ ಹಿಡಿಯಿರಿ ಎಂದು ಕರೆದವರಿಲ್ಲವಲ್ಲ ಎಂದು ನಗುತ್ತಲೇ ಕೇಳಿದೆ.

“ನೀವ್ ಕೈ ಹಿಂದ್ ಕಟ್ಟಿ ನಿಂತಿದ್ರಿ. ನಾವ್ ಸುರುವಿಗೆ ಎಂತದೋ ತನಿಖೆ ಮಾಡುಕ್ ಬಂದವ್ರ್ ಅಂದೇಳಿ ಅಂದ್ಕಂಡಿತ್. ಮತ್ತೆ ಅದೇ ಅಭ್ಯಾಸ ಆಯ್ತ್,” ಎಂದ ಶೀನಣ್ಣ.

ಮಾರ್ಟಿನ್‌ನ ಸಮಸ್ಯೆಯನ್ನು ವಿಮಲ ಒಂದೇ ಮಾತಿನಲ್ಲಿ ಬಗೆಹರಿಸಿದಳು. ಪಾಲನ್ನು ತೆಗೆದುಕೊಂಡು ಗಿರಿಜಕ್ಕನ ಮನೆಗೆ ಕೊಡಲಿ ಎಂದಳು. ಗಿರಿಜಕ್ಕ ಬಿಟ್ಟಿ ತೆಗೆದುಕೊಳ್ಳುವವಳಲ್ಲ, ಪ್ರತಿಯಾಗಿ ಹಿತ್ತಿಲ ಚಪ್ಪರದಿಂದ ಒಂದು ಕಟ್ಟು ಬಸಳೆ ಕೊಟ್ಟಳು. ಅಲ್ಲಿಂದ ಮುಂದೆ ಮಾರ್ಟಿನ್ ಬೆಳಿಗ್ಗೆ ಸಮುದ್ರದಲ್ಲಿ ಬಸಳೆ ಹಿಡಿಯತೊಡಗಿದ. ತಿಂಗಳೊಳಗೆ ತಂಡದವರು ಅವನನ್ನು ‘ಮಾರ್ಟಣ್ಣ’ ಎನ್ನುತ್ತಿದ್ದರು. ಹದಿಮೂರು ವರ್ಷದ ಹಿರಿತನ ಇಟ್ಟುಕೊಂಡು ನಾನು ಹೊಟ್ಟೆ ಉರಿದುಕೊಂಡೆ.

ಕೊನೆಗೊಂದು ದಿನ ನಾನೂ ಚಪ್ಪಲಿ ಕಳಚಿದೆ. ಮಾರ್ಟಿನ್‌ನ ಹಿಂದೆ ನಿಂತು ಹಗ್ಗ ಹಿಡಿದೆ. ಗಣಿತದ ಪ್ರಕಾರ ಮೂವತ್ತು ಜನ ಎಳೆಯುವಾಗ ಒಬ್ಬನ ಮೇಲೆ ಬೀಳುವ ಭಾರ ಅಲ್ಪ. ಹತ್ತೇ ನಿಮಿಷದಲ್ಲಿ ಅಂಗೈಯಲ್ಲಿ ಎರಡು ಬೊಬ್ಬೆ ಎದ್ದವು. ಆದರೂ ನನ್ನ ಪಾಲಿಗೆ ಏಳು ಬಂಗಡೆ ಬಂದವು. ಹಿತ್ತಿಲ ದಾರಿಯಲ್ಲಿ ಹೋದರೆ ಎರಡು ನಿಮಿಷದ ಮನೆಗೆ ನಾನು ಆ ದಿನ ತೊಟ್ಟೆ ಎತ್ತಿ ಹಿಡಿದುಕೊಂಡು ಬಸ್‌ಸ್ಟಾಪಿನ ಮೇಲೆ ಸುತ್ತಿಕೊಂಡು ಹೋದೆ. ವಿಮಲ ಗೇಟಿನ ಒಳಗೆ ಬಿಡಲಿಲ್ಲ. ಅದಕ್ಕೂ ಬೇಸರವಾಗಲಿಲ್ಲ.

ವಾರ ಕಳೆದಿರಬೇಕು. ಬಲೆ ದಡ ಸಮೀಪಿಸುತ್ತಿತ್ತು. ಬೂಟು ಹಾಕಿದ ಯಾರೋ ಹೊಸಬರು ಒಣ ಮರಳಿನ ಮೇಲೆ ಕೈ ಹಿಂದೆ ಕಟ್ಟಿಕೊಂಡು ನಿಂತು, “ಏನ್ರೀ, ಮೀನು ಸಿಕ್ತಾ?” ಎಂದು ಕೇಳಿದರು. ನನಗೆ ನಗು ತಡೆಯಲಾಗಲಿಲ್ಲ. ಮುಂದೆ ಎಳೆಯುತ್ತಿದ್ದ ಶೀನಣ್ಣನ ಕಿವಿಯ ಬಳಿ ಬಗ್ಗಿ, ಸಾಧ್ಯವಾದಷ್ಟು ಇಲ್ಲಿನ ಧಾಟಿಯಲ್ಲಿ, “ಘಟ್ಟದ್ ಮೇಲಿನರ್ ಅಲ್ದಾ,” ಎಂದೆ.

ಶೀನಣ್ಣ ತಿರುಗಿ ಅವರನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ.

“ಹೌದ್ ಮಾಷ್ಟ್ರೇ, ನಿಮ್ ಬದಿಯರೇ,” ಎಂದ ಬಹಳ ಪ್ರೀತಿಯಿಂದ. “ಹೋಯಿ ಮಾತಾಡ್ಸಿ ಕಾಣಿ. ಬಳ್ಳಿ ಮಾರ್ಟಣ್ಣ ಹಿಡ್ಕಂತ.”