ಅತ್ತೆಗೆ ಹೇಳಿದ ಥ್ಯಾಂಕ್ಯೂ

ಮೂವತ್ತೇ ದಿನ! ಮೂವತ್ತೊಂದನೇ ದಿನ ತಾನು ಶಹಾಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಬಾಯಿ ತೆರೆದರೆ ಗುಲಬರ್ಗಾ ಬಸ್ಸಿನ ಡ್ರೈವರು ಇಳಿದು ಬಂದು ಸೆಲ್ಯೂಟ್ ಹೊಡೆಯಬೇಕು, ಅಂಥ ಇಂಗ್ಲಿಷ್ ಕಲಿಯುತ್ತೇನೆಂದು ಸಾಬಣ್ಣ ಭೀಷ್ಮಪ್ರತಿಜ್ಞೆ ಮಾಡಿದ.

ಸಾಬಣ್ಣ ಶಹಾಪುರದ ಒಂದು ಬೀಜ-ಗೊಬ್ಬರದ ಅಂಗಡಿಯಲ್ಲಿ ಸಂಬಳಕ್ಕಿದ್ದವನು. ಬೆಳೆಗೆ ಹೊಡೆಯುವ ಔಷಧದ ಕಂಪನಿಯವರು ಅಂಗಡಿಯಾಳುಗಳಿಗೆಲ್ಲ ಎರಡು ದಿನ ತರಬೇತಿ ಇಟ್ಟಿದ್ದರು. ಅಲ್ಲಿಗೆ ಬಂದಿದ್ದ ಟೈ ಕಟ್ಟಿದವನೊಬ್ಬ, ಯಾರೇನು ಕೊಟ್ಟರೂ ಥ್ಯಾಂಕ್ಯೂ, ಏನು ತಪ್ಪಿದರೂ ಸಾರಿ, ಇವೆರಡು ಬಾಯಲ್ಲಿ ಬಾರದವನು ಕಾಡುಮನುಷ್ಯ ಎಂದುಬಿಟ್ಟ. ಇಪ್ಪತ್ತೇಳು ವರ್ಷದಿಂದ ತಾನು ಕಾಡುಮನುಷ್ಯನಾಗಿದ್ದದ್ದು ಸಾಬಣ್ಣನಿಗೆ ಆವತ್ತೇ ಗೊತ್ತಾದದ್ದು. ನಾಚಿಕೆಯಿಂದ ತಲೆ ತಗ್ಗಿಸಿಕೊಂಡು ಹೋಗಿ, ಮೂವತ್ತು ದಿನದಲ್ಲಿ ಇಂಗ್ಲಿಷ್ ಕಲಿಸುವ ಪುಸ್ತಕ ತಂದ.

ಶಿರವಾಳದ ಹಾದಿಯಲ್ಲಿ ಅವನ ಊರು. ಮೊದಲ ಪ್ರಯೋಗ ಹೆಂಡತಿ ಕರೆಮ್ಮನ ಮೇಲೆ ನಡೆಯಿತು. ಚಹಾ ಕೊಟ್ಟಳು, ಥ್ಯಾಂಕ್ಯೂ. ಟವೆಲ್ ಕೊಟ್ಟಳು, ಥ್ಯಾಂಕ್ಯೂ. ಅವಳು ಬಂದು ಹಣೆ ಮುಟ್ಟಿ ನೋಡಿ, ಜ್ವರ ಇಲ್ಲ ಎಂದು ಖಾತ್ರಿ ಮಾಡಿಕೊಂಡು ಹೋದಳು. ಕರೆಮ್ಮ ಜನರೆದುರು ಗಂಡನಿಗೆ 'ರೀ' ಹಚ್ಚುತ್ತಿದ್ದಳು, ಒಳಗೆ ಹಚ್ಚುತ್ತಿರಲಿಲ್ಲ. ಅವಳು ಬೇರೆ ಯಾರೋ ಅಲ್ಲ, ಅವನ ಸೋದರತ್ತೆ ಮರಿಲಿಂಗಮ್ಮನ ಮಗಳೇ.

ಈ ಮರಿಲಿಂಗಮ್ಮ ಸಾಮಾನ್ಯ ಅತ್ತೆಯಲ್ಲ. ತಾಯಿಯಿಲ್ಲದ ಸಾಬಣ್ಣನಿಗೆ ರೊಟ್ಟಿ ಬಡಿದು ಹಾಕಿ, ಜೊತೆಗೆ ನಾಲ್ಕು ಅವನಿಗೂ ಬಡಿದು ಬೆಳೆಸಿದವಳು. ಅವಳ ಹೊಲ ಕಾಲುವೆಯ ಮೇಲ್ಗಡೆ. ಸಾಬಣ್ಣನ ಎರಡೆಕರೆ ಕಟ್ಟಕಡೆಗೆ. ನಾರಾಯಣಪುರದಿಂದ ಹೊರಟ ಕೃಷ್ಣೆ ಎಷ್ಟೋ ಊರು ದಾಟಿ ಬರುತ್ತಾಳೆ, ಸಾಬಣ್ಣನ ಹೊಲದ ಮುಂದಕ್ಕೆ ಬರುವಷ್ಟರಲ್ಲಿ ದಣಿದು ನಿಂತುಬಿಡುತ್ತಾಳೆ. ಹಾಗಾಗಿ ಪ್ರತಿ ನೀರಿನ ಪಾಳಿಗೂ ಅತ್ತೆ ತನ್ನ ಭತ್ತ ಅರ್ಧ ಕುಡಿದ ಕೂಡಲೇ ಬದು ಕಡಿದು ಅಳಿಯನ ಹೊಲಕ್ಕೆ ನೀರು ತಿರುಗಿಸುತ್ತಿದ್ದಳು. ಯಾರೂ ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ಹಾಗೇ ನಡೆದು ಬಂದಿತ್ತು.

ಆ ಭಾನುವಾರವೂ ತಿರುಗಿಸಿ, ಹೆಗಲ ಮೇಲೆ ಸಲಿಕೆ, ಮೊಣಕಾಲ ತನಕ ಕೆಸರು ಹೊತ್ತು ಓಣಿಯಲ್ಲಿ ಹೋಗುತ್ತ, "ಸಾಬ್ಯಾ, ನೀರು ಬಿಟ್ಟೀನಿ ನೋಡ್ಕೋ" ಎಂದಳು. ಕಟ್ಟೆಯ ಮೇಲೆ ಅರ್ಧ ಊರೇ ಕೂತಿತ್ತು. ಇಂಥ ಸಭೆ ಮತ್ತೆ ಸಿಗದು! ಸಾಬಣ್ಣ ಎದ್ದು ನಿಂತು, ಎದೆ ಉಬ್ಬಿಸಿ, "ಥ್ಯಾಂಕ್ಯೂ ಅತ್ತಿ! ಥ್ಯಾಂಕ್ಯೂ ವೆರಿ ಮಚ್!" ಎಂದ.

ಅತ್ತೆ ನಿಂತಳು. ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. ಒಂದೂ ಮಾತಾಡದೆ ಹೋದಳು. ತನ್ನ ಸಭ್ಯತೆಗೆ ಅತ್ತೆ ಮೂಕವಿಸ್ಮಿತಳಾದಳೆಂದು ಸಾಬಣ್ಣ ತಿಳಿದ.

ಮುಂದಿನ ಪಾಳಿಗೆ ನೀರು ಬರಲಿಲ್ಲ. ನಾಟಿ ಹಚ್ಚಿ ಇಪ್ಪತ್ತೇ ದಿನದ ಸಸಿ, ತುದಿ ಹಳದಿಗೆ ತಿರುಗಿತು. ಹೊಲದಲ್ಲಿ ಬೆರಳು ಹಿಡಿಯುವಷ್ಟು ಬಿರುಕು. ಮೇಲೆಲ್ಲೋ ಗೇಟು ಕೆಟ್ಟಿರಬೇಕೆಂದು ಸಾಬಣ್ಣ ಕಾಲುವೆಗುಂಟ ಮೂರು ಮೈಲಿ ನಡೆದು ನೋಡಿ ಬಂದ. ಗೇಟು ಗಟ್ಟಿಮುಟ್ಟಾಗಿತ್ತು. ಕೆಟ್ಟಿದ್ದು ಅತ್ತೆ. ಕರೆಮ್ಮ ತವರಿಗೆ ಹೋಗಿ ವರದಿ ತಂದಳು.

"ನೀ ನಾಕ ಮಂದ್ಯಾಗ ಥ್ಯಾಂಕ್ಯೂ ಅಂದು ಕೈ ತೊಳಕೊಂಡಿಯಂತ. ಓಟು ಕೇಳಾಕ ಬಂದವ್ರೂ ಮೈಕಿನ್ಯಾಗ ಹಂಗ ಅಂತಾರ, ಆಮ್ಯಾಲ ಐದು ವರ್ಷ ಮಾರಿ ತೋರ್ಸಲ್ಲ. ಪರರ ಹೊಲಕ್ಕ ನಾ ಯಾಕ ನೀರು ಬಿಡ್ಲಿ ಅಂತಾಳ ಅವ್ವ."

ಸಾಬಣ್ಣ ಪುಸ್ತಕ ತೆಗೆದ. ತಪ್ಪಾದಾಗ ಏನೆನ್ನಬೇಕೆಂದು ಅದರಲ್ಲೇ ಇತ್ತಲ್ಲ! ಒಂದು ಡಜನ್ ಬಾಳೆಹಣ್ಣು, ಒಂದು ಬಿಸ್ಕಿಟ್ ಪೊಟ್ಟಣ ಹಿಡಿದುಕೊಂಡು, ಆಸ್ಪತ್ರೆಗೆ ರೋಗಿಯನ್ನು ನೋಡಲು ಹೋಗುವವನ ಠೀವಿಯಲ್ಲಿ ಅತ್ತೆಯ ಮನೆಗೆ ಹೋಗಿ ಹೊಸ್ತಿಲಲ್ಲೇ "ಸಾರಿ ಅತ್ತಿ" ಎಂದ.

"ಬರ್ರಿ ಸಾಬಣ್ಣನವರ, ಕುಂದರ್ರಿ" ಎಂದಳು ಅತ್ತೆ.

ಸಾಬಣ್ಣನ ಜೀವ ಝಲ್ಲೆಂದಿತು. ಹುಟ್ಟಿದಾಗಿನಿಂದ ಆ ಬಾಯಲ್ಲಿ ಅವನು ಸಾಬ್ಯಾ, ಕತ್ತೆ, ಸುಡುಗಾಡು ಎಲ್ಲ ಆಗಿದ್ದ, ಸಾಬಣ್ಣನವರು ಮಾತ್ರ ಆಗಿರಲಿಲ್ಲ. ಒಳಗಿನಿಂದ ಕುರ್ಚಿ ಬಂತು. ಊರ ಲೆಕ್ಕದ ತಲಾಟಿ ಬಂದರೆ ಮಾತ್ರ ಹೊರಬೀಳುವ ಕುರ್ಚಿ! ಜೋಳದ ಚೀಲದ ಮೇಲೆ ಬಿದ್ದು ಉರುಳಾಡಿ ಬೆಳೆದವನು ಆ ಕುರ್ಚಿಯ ತುದಿಯಲ್ಲಿ ಕೂತು, ಸಾಸರಿನ ಮೇಲಿಟ್ಟ ಕಪ್ಪಿನಲ್ಲಿ ಚಹಾ ಕುಡಿದು, ಬೆವರಿ ಎದ್ದು ಬಂದ.

ಮರುದಿನ ಅಂಗಡಿಯಲ್ಲಿ ಅವನ ಭಾಷಣ ಕೇಳಬೇಕಿತ್ತು. ಪರಭಾಷೆ ನಮ್ಮ ಸಂಸ್ಕೃತಿಯ ಬುಡಕ್ಕೇ ಕೊಡಲಿ ಹಾಕಿದೆ, ಈ ಇಂಗ್ಲಿಷು ನಮ್ಮ ಭತ್ತ ಒಣಗಿಸುತ್ತಿದೆ, ಇಂದಿನಿಂದ ಅದು ತನ್ನ ನಾಲಿಗೆಗೆ ನಿಷಿದ್ಧ ಎಂದೆಲ್ಲ ಗುಡುಗಿದ. ಯೂರಿಯಾ ಚೀಲ ಇಳಿಸುತ್ತಿದ್ದ ಹಮಾಲಿ ಚಾಂದಪಾಶಾ ಬೆನ್ನು ನೆಟ್ಟಗೆ ಮಾಡಿಕೊಂಡ.

"ನಮ್ಮ ಕಡಿ ನಿಜಾಮನ ಕಾಲದಾಗ ಉರ್ದು ಬಂತು ಸಾಬಣ್ಣ. ಕಚೇರ್ಯಾಗ ಕುಂತು, ಬಜಾರದಾಗ ಅಡ್ಡಾಡ್ತು, ನಿಮ್ಮ ಬಾಯಾಗೂ ಅರ್ಧ ಉಳದದ. ಯಾರ ರೊಟ್ಟಿಗೂ ಏನೂ ಆಗ್ಲಿಲ್ಲ. ಉರ್ದು ಮಾತಾಡೋ ನಾನೂ ನಮ್ಮವ್ವ ರೊಟ್ಟಿ ಹಾಕಿದ್ರ ಶುಕ್ರಿಯಾ ಅನ್ನಲ್ಲ. ಅಂದ್ರ ಅದೇ ಹಂಚು ತಗೊಂಡು ಬೆನ್ನಿಗಿ ಕೊಡ್ತಾಳ."

ಇಷ್ಟು ಬಿಡಿಸಿ ಹೇಳಿದರೂ ಸಾಬಣ್ಣನ ತಲೆಗೆ ಹೋದದ್ದು ಒಂದೇ, ಇಂಗ್ಲಿಷ್ ಬಿಡಬೇಕು. ಸಂಜೆ ಅಚ್ಚಗನ್ನಡದ ಕವಚ ತೊಟ್ಟು ಅತ್ತೆಯ ಮುಂದೆ ಕೈಮುಗಿದು ನಿಂತು, "ಅತ್ತಿ, ತಾವು ಮಾಡಿದ ಉಪಕಾರಕ್ಕೆ ನಾನು ಚಿರಋಣಿ. ತಮಗೆ ಅನಂತ ಧನ್ಯವಾದಗಳು" ಎಂದ.

ಅವನು ಮನೆ ಮುಟ್ಟುವಷ್ಟರಲ್ಲಿ ಅತ್ತೆಯ ಮನೆಯಿಂದ ಆಳಿನ ತಲೆಯ ಮೇಲೆ ಒಂದು ಬುಟ್ಟಿ ಬಂತು. ಅದರಲ್ಲಿ ವರ್ಷಗಟ್ಟಲೆ ಅಲ್ಲೇ ಉಳಿದಿದ್ದ ಇವರ ಮನೆಯ ತಾಟು, ಚರಿಗೆ, ಮೊರ, ಎತ್ತಿನ ಮಿಣಿಹಗ್ಗ, ಎಲ್ಲ ತೊಳೆದು ಒರೆಸಿ ಇಟ್ಟಿತ್ತು. ಬಾಳೆಹಣ್ಣೂ ಬಿಸ್ಕಿಟ್ಟೂ ವಾಪಸು ಬಂದಿದ್ದವು. ಅವುಗಳ ಮೇಲೆ ಮೊರ ಬೋರಲು.

ಕರೆಮ್ಮ ಬುಟ್ಟಿ ನೋಡಿದಳು, ಗಂಡನನ್ನು ನೋಡಿದಳು, ತಲೆ ಚಚ್ಚಿಕೊಂಡಳು. "ಗೇಟು, ಪೈಪು, ಯೂರಿಯಾ, ಬಸ್ಸು, ಎಷ್ಟ್ ಇಂಗ್ಲಿಷ್ ಮಾತಾಡ್ತಾಳ ನಮ್ಮವ್ವ! ಆಕಿಗಿ ಯಾವ ಭಾಷಾದ ಮ್ಯಾಲೂ ಸಿಟ್ಟಿಲ್ಲ. ನೀ ಹೊರಗಿನವ ಆಗಿದ್ದಕ್ಕ ಸಿಟ್ಟು. ಕೊಡಾಕ ಹೋಗಬ್ಯಾಡ, ಕೈಮುಗಿಯಾಕ ಹೋಗಬ್ಯಾಡ. ಉಪಾಸ ಹೋಗು, ಕೇಳದ ತಗೊಂಡು ಉಣ್ಣು, ಉಂಡು ರುಚಿ ಇಲ್ಲಂತ ಹೆಸರಿಡು. ನಾಳಿಗಿ ಪಾಳಿ ಅದ, ನೀರು ಬರಲಿಲ್ಲ ಅಂದ್ರ ಭತ್ತ ಹೋದಂಗ."

ಮರುದಿನ ಮುಂಜಾನೆ ಸಾಬಣ್ಣ ಒಂದು ಗುಟುಕು ಚಹಾ ಕೂಡ ಕುಡಿಯಲಿಲ್ಲ. ಅಂಗಡಿಗೆ ರಜೆ ಹಾಕಿ, ಹೊಟ್ಟೆ ಬೆನ್ನಿಗೆ ಹತ್ತಿಸಿಕೊಂಡು, ನಡುಮಧ್ಯಾಹ್ನ ಅತ್ತೆಯ ಮನೆಗೆ ನುಗ್ಗಿದ. ಅತ್ತೆ ಹಿತ್ತಲಲ್ಲಿದ್ದಳು. ಕರೆಯಲಿಲ್ಲ, ಕೆಮ್ಮಲಿಲ್ಲ. ನೆಟ್ಟಗೆ ಒಲೆಯ ಹತ್ತಿರ ಹೋಗಿ ರೊಟ್ಟಿಯ ಬುಟ್ಟಿ ಎಳೆದ, ಪಕ್ಕದಲ್ಲಿದ್ದ ದೊಡ್ಡ ಗಡಿಗೆಯಿಂದ ಬೆಂದ ಕಾಳು ತೋಡಿಕೊಂಡು, ಜೋಳದ ಚೀಲಕ್ಕೆ ಒರಗಿ ಕಾಲು ಚಾಚಿ ಬಾರಿಸತೊಡಗಿದ. ಮೂರನೇ ರೊಟ್ಟಿಯ ಹೊತ್ತಿಗೆ ಬಾಗಿಲಲ್ಲಿ ನೆರಳು ಬಿತ್ತು.

ಸಾಬಣ್ಣ ರೊಟ್ಟಿ ಮುರಿಯುತ್ತಲೇ ಇದ್ದ. ಎರಡೆಕರೆ ಭತ್ತವೆಲ್ಲ ಈಗ ತನ್ನ ನಾಲಿಗೆಯ ತುದಿಯಲ್ಲಿದೆ. ಧೈರ್ಯ ತಂದುಕೊಂಡು, ತಲೆ ಎತ್ತದೆ ದನಿ ಏರಿಸಿದ. "ಏನತ್ತಿ ಇದು? ಒಂದ್ ಹರಳು ಉಪ್ಪು ಹಾಕಾಕ ಕೈ ಬರಲಿಲ್ಲೇನು? ಇದನ್ನ ಯಾರ್ ತಿಂತಾರ?"

ಮರಿಲಿಂಗಮ್ಮ ಗಡಿಗೆಯನ್ನೂ ಅವನನ್ನೂ ನೋಡಿದಳು. ಆಮೇಲೆ ಸೆರಗು ನಡಕ್ಕೆ ಸಿಕ್ಕಿಸಿ, ಮೂಲೆಯ ಸಲಿಕೆ ಎತ್ತಿ ಹೆಗಲಿಗಿಟ್ಟಳು.

"ಏಳೋ ಕತ್ತಿ" ಎಂದಳು. ಸಾಬಣ್ಣನ ಕಿವಿಗೆ ಅಮೃತ ಸುರಿದಂತಾಯಿತು. "ಲಗೂನ ತಿಂದು ಹೊಲಕ್ಕ ಬಾ, ನೀರು ತಿರುವ್ತೀನಿ. ಆ ಗಡಗಿ ಮುಚ್ಚಿಡು. ಅದು ಈದ ಎಮ್ಮಿಗಿ ಕುದಿಸಿಟ್ಟ ಹುರಳಿ. ದಿನಾ ತಿಂತದ, ಇವತ್ತಿನ ತನಕ ಉಪ್ಪಿಲ್ಲಂತ ಹೆಸರಿಟ್ಟಿಲ್ಲ."