ಹುಳದ ಮನೇಗೆ ಬಂದ ರೆಕ್ಕೆ ಹುಡ್ಗ

ಇದನ್ನ ಯಾರ್ ಹತ್ರಾನೂ ಬಾಯ್ ಬಿಡ್ಕೂಡ್ದು ಅಂತ ಅಜ್ಜಿ ನನ್ ಕೈನ ತನ್ ತಲೆ ಮೇಲೆ ಇಟ್ಕೊಂಡು ಆಣೆ ಮಾಡಿಸ್ಕೊಂಡಿತ್ತು. "ನಿಮ್ಮಪ್ಪನ ಮರ್ವಾದೆ ಐತೆ ಇದ್ರಲ್ಲಿ" ಅಂತು. ಅವತ್ತು ರೇಷ್ಮೆ ಹುಳದ ಮನೆ ಬಾಗ್ಲು ಯಾಕ್ ತೆಗೀಲಿಲ್ಲ ಅಂತ ಊರಲ್ಲಿ ಯಾರಾದ್ರೂ ಕೇಳಿದ್ರೆ, "ಹುಳಕ್ಕೆ ದೃಷ್ಟಿ ಆಯ್ತಿತ್ತು" ಅನ್ಬೇಕು, ಅಷ್ಟೇ. ಇಷ್ಟು ದಿನ ಹಂಗೇ ಹೇಳ್ಕೊಂಡು ಬಂದೆ. ಈಗ ಮೈಸೂರ್ ಹಾಸ್ಟೆಲ್ಲಲ್ಲಿ ಕೂತು ನೆನೆಸ್ಕೊಂಡ್ರೆ ಒಬ್ಳೇ ನಗ್ತಿರ್ತೀನಿ, ಪಕ್ಕದ ಮಂಚದವಳು ಗಾಬರಿ ಬೀಳ್ತಾಳೆ. ಅದಕ್ಕೆ ಹೇಳೇಬಿಡ್ತೀನಿ. ನಮ್ಮನೇಲಿ ಇಂಥವು ಆಗ್ತಾನೇ ಇದ್ವು. ಪುಸ್ತಕ ಬಿಟ್ರೆ ಏನೂ ಬೇಡದ ಹುಡ್ಗಿ ಒಬ್ಳು, ಕತೆ ಅಂದ್ರೆ ಊಟ ಬಿಡೋ ಅಜ್ಜಿ ಒಂದು, ಇಬ್ರೂ ಒಂದೇ ಸೂರಡಿ ಇದ್ರೆ ಇನ್ನೇನಾಗುತ್ತೆ?

ಪ್ರೆಸೆಂಟ್ ಸಾರ್

ನಮ್ಮೂರು ಕೂಟಗಲ್ ಕಡೆ. ಪಿಯುಸಿಗೆ ಬಸ್ಸಲ್ಲಿ ರಾಮನಗರಕ್ಕೆ ಹೋಗ್ತಿದ್ದೆ. ನಂಗೆ ಎಷ್ಟು ನಾಚ್ಕೆ ಅಂದ್ರೆ, ಕ್ಲಾಸಲ್ಲಿ ಹೆಸರು ಕೂಗಿದ್ರೆ "ಪ್ರೆಸೆಂಟ್" ಅನ್ನೋಕೂ ಗಂಟ್ಲಿಂದ ದನಿ ಈಚೆ ಬರ್ತಿರ್ಲಿಲ್ಲ. ಒಂದಿನ ಲೆಕ್ಚರರ್ ನನ್ನನ್ನೇ ನೋಡ್ಕೊಂಡು "ಈ ಹುಡ್ಗಿ ಬಂದಿಲ್ವಾ?" ಅಂದ್ರು. ನಾನು ಇಲ್ಲ ಅಂತ ತಲೆ ಆಡಿಸ್ದೆ. ಅವ್ರು ಆಬ್ಸೆಂಟ್ ಹಾಕ್ಕೊಂಡ್ರು.

ನನ್ ಪಕ್ಕ ಕೂರ್ತಿದ್ದವಳು ಒಬ್ಬ ಇಂಜಿನಿಯರ್ ಮಗಳು. ಬಿಡದಿ ಕಡೆ ಹೊಸ ಹೊಸ ಫ್ಯಾಕ್ಟರಿ ಏಳ್ತಿದ್ದ ಕಾಲ, ಅವರಪ್ಪನ್ನ ಎಲ್ಲೋ ಉತ್ತರದ ಕಡೆಯಿಂದ ಇಲ್ಲಿಗೆ ಹಾಕಿದ್ರು. ಅವಳಿಗೆ ಕನ್ನಡ ಬರಲ್ಲ, ನಂಗೆ ಮಾತೇ ಬರಲ್ಲ, ಹಂಗಾಗಿ ಇಬ್ರಿಗೂ ಚೆನ್ನಾಗ್ ಒಗ್ಗೋಯ್ತು. ಒಂದಿನ ಬ್ಯಾಗಿಂದ ದಪ್ಪ ಇಂಗ್ಲಿಷ್ ಪುಸ್ತಕ ತೆಗೆದು ನನ್ ಕಡೆ ತಳ್ಳಿದ್ಲು. ಕಿನ್ನರರ ಕತೆ. ಬೆಟ್ಟದ ತುದೀಲಿ ಒಂದು ಮನೆ, ಅಡೀಲಿ ಕಿನ್ನರ ಲೋಕ. ಆ ಮನೇಲಿ ನನ್ ವಯಸ್ಸಿನ ಹುಡ್ಗಿ, ಅವಳಿಗೆ ಒಬ್ಬ ರೆಕ್ಕೆ ಇರೋ ಕಿನ್ನರನ ಮೇಲೆ ಲವ್ವು. ಒಟ್ಟು ನಾಕು ಭಾಗ.

ಮೊದಲನೇ ಭಾಗ ಬಸ್ಸಲ್ಲೇ ಶುರು ಮಾಡ್ದೆ. ತಲೆ ಎತ್ತಿದ್ರೆ ನಮ್ಮೂರು ದಾಟೋಗಿತ್ತು. ಇಳೀಬೇಕು ಅಂತ ಕಂಡಕ್ಟರ್‌ಗೆ ಹೇಳೋಕೆ ನಾಚ್ಕೆ. ಬಸ್ಸು ಕೊನೇ ಸ್ಟಾಪಿಗೆ ಹೋಗಿ ತಿರುಗೋವರ್ಗೂ ಕೂತೇ ಇದ್ದೆ. ವಾಪಸ್ ಬರುವಾಗ್ಲೂ ನಮ್ಮೂರು ದಾಟೋಯ್ತು. ಆ ಅಧ್ಯಾಯ ಅಷ್ಟು ಚೆನ್ನಾಗಿತ್ತು.

ಗೂಡು ತೂತ

ಮನೇಲಿ ಓದೋಕೆ ಜಾಗ ಅಂದ್ರೆ ಹುಳದ ಮನೆ ಒಂದೇ. ನಮ್ದು ರೇಷ್ಮೆ ಹುಳ ಸಾಕೋ ಮನೆ. ಅದರೊಳಗೆ ಹೋಗ್ಬೇಕಾದ್ರೆ ಕೈಕಾಲು ತೊಳೀಬೇಕು, ಜೋರಾಗ್ ಮಾತಾಡಂಗಿಲ್ಲ, ಸೆಂಟು, ಬೀಡಿ, ಹೊಗೆಸೊಪ್ಪು ಒಂದೂ ಸುಳೀಕೂಡ್ದು. ಅಷ್ಟೆಲ್ಲ ನಿಯಮ ಇರೋ ಕಡೆ ನೆಂಟ್ರು ಬರಲ್ಲ. ಸಾವಿರಾರು ಹುಳ ಸೊಪ್ಪು ಮೇಯೋ ಸದ್ದು ಸಣ್ಣಗೆ ಸೋನೆ ಹಿಡಿದಂಗೆ ಕೇಳ್ತಿರುತ್ತೆ. ಸೊಪ್ಪಿನ ಮೂಟೆಗೆ ಒರಗಿ ಓದ್ತಿದ್ರೆ, ಆಹಾ, ಈಗ್ಲೂ ಆ ಹಸಿ ಸೊಪ್ಪಿನ ವಾಸನೆ ಬಂದ್ರೆ ನಂಗೆ ಮುಂದಿನ ಪುಟ ತಿರುವ್ಬೇಕು ಅನ್ಸುತ್ತೆ.

ಅಲ್ಲೇ ಅಜ್ಜಿ ಕೈಗೆ ಸಿಕ್ಕಾಕೊಂಡಿದ್ದು. ಅಜ್ಜಿಗೆ ಓದು ಬರಲ್ಲ. ರಟ್ಟಿನ ಮೇಲಿದ್ದ ಚಿತ್ರ ನೋಡ್ತು.

"ಯಾರವ್ವ ಈ ಹೈದ? ರೆಕ್ಕೆ ಇಕ್ಕೊಂಡವ್ನೆ?"

"ಕಿನ್ನರ ಕಣಜ್ಜಿ. ಇವ್ನೇ ಹೀರೋ."

"ಹುಟ್ದಾಗ್ಲೇ ಇತ್ತಾ ರೆಕ್ಕೆ?"

"ಇಲ್ಲ. ಹದ್ನೆಂಟು ವರ್ಷ ಆದ್ಮೇಲೆ ಬರುತ್ತೆ."

ಅಜ್ಜಿ ಲೊಚ್ ಲೊಚ್ ಅಂತ ಲೊಚಗುಟ್ತು. ನಲವತ್ತು ವರ್ಷದಿಂದ ರೇಷ್ಮೆ ಬೆಳೆಯೋ ಅಜ್ಜಿಗೆ ರೆಕ್ಕೆ ಅಂದ್ರೆ ಒಂದೇ ಅರ್ಥ. ಹುಳ ಗೂಡು ಕಟ್ಟುತ್ತೆ, ರೆಕ್ಕೆ ಬಂದು ಚಿಟ್ಟೆ ಆಗಿ ತೂತ ಮಾಡ್ಕೊಂಡು ಈಚೆ ಬಂದ್ರೆ ಆ ಗೂಡಲ್ಲಿ ನೂಲು ಬರಲ್ಲ.

"ಅಯ್ಯೋ ಪಾಪದವ್ನೆ! ಹಂಗಾರೆ ಗೂಡು ತೂತಾಗೋಯ್ತಲ್ಲವ್ವ. ಇವನ್ನ ಮಾರ್ಕೆಟ್ಟಲ್ಲಿ ಯಾವನ್ ತಗತಾನೆ?"

ಎರಡು ಪುಟ

ಅವತ್ತಿಂದ ದಿನಾ ಸಾಯಂಕಾಲ ಸೊಪ್ಪು ಹಾಕೋ ಹೊತ್ತಿಗೆ ನಾನು ಇಂಗ್ಲಿಷ್ ಓದಿ ನಮ್ ಮಾತಲ್ಲಿ ಹೇಳ್ಬೇಕು, ಅಜ್ಜಿ ಕೇಳ್ಬೇಕು. ಕಾಲೇಜಲ್ಲಿ ಬಾಯ್ ಬಿಡದೇ ಇದ್ದೋಳು ಅಲ್ಲಿ ಮಾತ್ರ ರಾಜ, ಮಂತ್ರಿ, ರಾಕ್ಷಸ ಎಲ್ಲಾರ ದನೀನೂ ಮಾಡ್ತಿದ್ದೆ. ಕಷ್ಟ ಆಗಿದ್ದು ರೆಕ್ಕೆ ಹುಡ್ಗ, ಆ ಹುಡ್ಗಿ ಇಬ್ರೇ ಇರೋ ಕಡೆ. ಅಂಥದ್ದು ಬಂದ್ರೆ ಮೆಲ್ಲಗೆ ಹಾರಿಸ್ಬಿಡ್ತಿದ್ದೆ.

"ಆಮೇಲೆ ಇಬ್ರೂ ಕೊಳದ ಹತ್ರ ಕೂತು ಮಾತಾಡಿದ್ರು ಅಜ್ಜಿ. ಬೆಳಗಾಯ್ತು."

ಅಜ್ಜಿ ಸೊಪ್ಪು ಹರಡ್ತಿದ್ದ ಕೈ ನಿಲ್ಲಿಸ್ತು.

"ಏನ್ ಮಾತಾಡಿದ್ರು?"

"ಹಿಂಗೇ... ಮಳೆ, ಬೆಳೆ."

"ಮಳೆ ಬೆಳೆ ಮಾತಾಡಿದ್ಕೆ ನಿನ್ ಕಿವಿ ಯಾಕವ್ವ ಹಿಂಗ್ ಕೆಂಪಾಗವೆ? ಎರಡು ಪುಟ ಒಟ್ಟಿಗೆ ತಿರುವ್ದಲ್ಲ, ನಂಗೆ ಓದಾಕ್ ಬರಾಕಿಲ್ಲ ಅಂದ್ರೆ ಎಣಿಸಾಕೂ ಬರಾಕಿಲ್ವಾ? ನಾಕು ಮಕ್ಳ ಹೆತ್ತಿವ್ನಿ ಕಣ್ ಮಗಾ. ಓದು."

ನಾನು ಪುಸ್ತಕದ ಹಿಂದೆ ಮುಖ ಮುಚ್ಕೊಂಡು ಗಡಗಡ ಹೇಳಿ ಮುಗಿಸ್ದೆ. ಅಜ್ಜಿ ಮತ್ತೆ ಸೊಪ್ಪು ಹರಡ್ತಾ, "ನಿಮ್ ತಾತಂಗೆ ಇದ್ಯಾವ್ದೂ ಗೊತ್ತಿರ್ಲಿಲ್ಲ ಬುಡು" ಅಂತು.

ಯಾವೂರ್ ಹುಡ್ಗ?

ಅಜ್ಜಿ ಕೇಳಿ ಸುಮ್ನಿರೋ ಪೈಕಿ ಅಲ್ಲ. ಮಾರ್ನೇ ದಿನ ನೀರಿನ ತೊಂಬೆ ಹತ್ರ ನೀರ್ ಹಿಡಿಯೋಕೆ ಬಂದ ಹೆಂಗಸರಿಗೆ ಅದನ್ನೇ ತನ್ ಥರ ಹೇಳೋದು. ಅಜ್ಜಿ ಬಾಯಲ್ಲಿ ಕಿನ್ನರರ ಅರಮನೆ ನಮ್ಮೂರ ಬಂಡೆ ಬೆಟ್ಟದ ಅಡೀಗೇ ಬಂದ್ಬಿಟ್ಟಿತ್ತು. ಮೂರನೇ ಭಾಗದಲ್ಲಿ ರೆಕ್ಕೆ ಹುಡ್ಗ ಆ ಹುಡ್ಗೀನ ಬಿಟ್ಟು ಹೋಗ್ತಾನೆ. ಅದಾಗಿ ಎರಡು ದಿನಕ್ಕೆ ಬಸ್ಸಲ್ಲಿ ಗಾರ್ಮೆಂಟ್ಸಿಗೆ ಹೋಗೋ ಹೆಂಗಸರು ಇಬ್ರು ನನ್ ಮುಂದಿನ ಸೀಟಲ್ಲಿ ಕೂತು ಕಣ್ಣಲ್ಲಿ ನೀರ್ ಹಾಕ್ಕೊಂಡು ಮಾತಾಡ್ತಿದ್ರು.

"ಅಷ್ಟು ನಂಬಿಸ್ಬುಟ್ಟು ಓಡೋದ್ನಂತೆ ಕಣೇ."

"ಆ ಮಗು ಬಾಗ್ಲಲ್ಲೇ ಕಾಯ್ಕೊಂಡ್ ಕುಂತೈತಂತೆ, ಊಟ ಇಲ್ಲ, ನಿದ್ದೆ ಇಲ್ಲ."

ಟಿಕೆಟ್ ಕೊಡ್ತಿದ್ದ ಕಂಡಕ್ಟರ್‌ಗೆ ತಡ್ಕೊಳ್ಳೋಕಾಗ್ಲಿಲ್ಲ. "ಯಾವೂರವ್ನಮ್ಮ ಅವ್ನು? ಮಾಗಡಿ ಕಡೆಯವ್ನಾ? ಎಸ್ರು ಹೇಳಿ, ಸ್ಟೇಷನ್ನಲ್ಲಿ ನಮ್ ಭಾವ ಅವ್ನೆ, ಎಳ್ಕಂಡ್ ಬಂದು ತಾಳಿ ಕಟ್ಟುಸ್ತೀನಿ."

"ಅವ್ನು ಸಿಗಾಕಿಲ್ಲ ಬುಡಿ ಸಾರ್," ಅಂದ್ಲು ಒಬ್ಳು, "ಹಾರೋಯ್ತಾನೆ."

ಕಂಡಕ್ಟರ್ ತಲೆ ಆಡಿಸ್ದ. "ದುಬೈಗಾ?"

ಮೈಸೂರ್ ಪಾಕು

ಅಷ್ಟ್ರಲ್ಲಿ ನಮ್ಮ ಅಕ್ಕಪಕ್ಕದ ಸೊಪ್ಪಿನ ತೋಟಗಳೆಲ್ಲ ಒಂದೊಂದೇ ಮಾರಾಟ ಆಗಿ ಕಲ್ಲು ನೆಡ್ತಿದ್ರು. ಫ್ಯಾಕ್ಟರಿಯೋರಿಗೆ ಗೋಡೌನು, ಲೇಔಟು ಅಂತ. ಅಪ್ಪಂಗೂ ಆಸೆ ಹತ್ತಿತ್ತು. "ಎಷ್ಟ್ ದಿನ ಅಂತ ಹುಳದ ಹಿಂದೆ ನಿದ್ದೆಗೆಡೋದು?" ಅಂತಿದ್ದ. ಆದ್ರೆ ತೋಟ, ಹುಳದ ಮನೆ ಎರಡೂ ಅಜ್ಜಿ ಹೆಸರಲ್ಲಿದ್ವು. ಅಜ್ಜಿ ಹೆಬ್ಬೆಟ್ಟು ಒತ್ತಿದ್ರೆ ಎರಡೂ ಹೋದಂಗೆ. ನಂಗಂತೂ ಮಾರೋದು ಬೇಡವಾಗಿತ್ತು, ಆದ್ರೆ ಅಪ್ಪನ ಎದುರು ಬಾಯ್ ಬಿಡೋ ಧೈರ್ಯ ನಂಗೆಲ್ಲಿ?

ಒಂದ್ ಭಾನುವಾರ ಅಪ್ಪ ಬ್ರೋಕರನ್ನ ಕರ್ಕೊಂಡು ಬಂದ. ಬಿಳೀ ಬಟ್ಟೆ, ಕತ್ತಲ್ಲಿ ಚೈನು, ಅವ್ನು ಜಗಲೀಗೆ ಬರೋಕ್ ಮುಂಚೆ ಸೆಂಟು ಬಂತು. ಮಾತು ಬೆಣ್ಣೆ. ಅಜ್ಜಿ ಅವನನ್ನ ಒಂದ್ಸಲ ಮೇಲಿಂದ ಕೆಳಗ್ ನೋಡ್ತು, ಆಮೇಲೆ ನನ್ ಮುಖ ನೋಡ್ತು. ನಂಗೆ ಗೊತ್ತಾಗೋಯ್ತು. ಕತೇಲಿ ರೆಕ್ಕೆ ಹುಡ್ಗನ ಅಣ್ಣ, ಕಿನ್ನರ ರಾಜ, ಥೇಟ್ ಹಿಂಗೇ ಬರ್ತಾನೆ. ಅವ್ನಿಗೆ ಬೆಟ್ಟದ ಮೇಲಿರೋ ಆ ಮನೆ ಬೇಕು. ಕಿನ್ನರರ ಹತ್ರ ಹೆಂಗಿರ್ಬೇಕು ಅನ್ನೋದು ಅಜ್ಜಿಗೆ ಬಾಯಿಪಾಠ. ಅವ್ರು ಕೊಟ್ಟಿದ್ದು ತಿನ್ಬಾರ್ದು. ಹೆಸರು ಹೇಳ್ಬಾರ್ದು. ಕಬ್ಬಿಣ ಕಂಡ್ರೆ ಅವ್ರಿಗಾಗಲ್ಲ. ಅವ್ರು ಸುಳ್ಳು ಹೇಳಲ್ಲ, ಆದ್ರೆ ನಿಜಾನ ಓರೆ ಮಾಡಿ ಹೇಳ್ತಾರೆ.

ಅಜ್ಜಿ ಒಳಗ್ ಹೋಗಿ ಸೊಪ್ಪು ಕುಯ್ಯೋ ಕುಡ್ಲು ತಂದು ಮಡಿಲಲ್ಲಿ ಇಟ್ಕೊಂಡು ಕೂತ್ಕೊಳ್ತು.

ಬ್ರೋಕರ್ ಒಸಿ ಹಿಂದಕ್ಕೆ ಸರಿದು ಕೂತ. "ತಗೊಳಿ ಅಮ್ಮಾರೇ, ಮೈಸೂರ್ ಪಾಕು, ತುಪ್ಪದ್ದು."

"ಅಲ್ಲೇ ಇರ್ಲಿ."

ಅಪ್ಪ ಒಂದು ಎತ್ಕೊಂಡಿದ್ದ. ಬಾಯ್ಗೆ ಹೋಗ್ತಿದ್ದ ಕೈಗೆ ಅಜ್ಜಿ ಪಟಾರ್ ಅಂತ ಒಂದು ಕೊಡ್ತು. "ತಿಂದೀಯಾ! ತಿಂದ್ರೆ ಅವ್ರ ಲೋಕ್ದಲ್ಲೇ ಇರ್ಬೇಕಾಯ್ತದೆ ಕಣ್ಲಾ!"

ಬ್ರೋಕರ್‌ಗೆ ಏನೂ ಅರ್ಥ ಆಗ್ಲಿಲ್ಲ. "ತಮ್ ಹೆಸ್ರು ಏನಂದ್ರಿ ಅಮ್ಮಾರೇ?"

"ಅನ್ನಲಿಲ್ಲವಲ್ಲ."

ಅಪ್ಪ ತಲೆ ಮೇಲೆ ಕೈ ಹೊತ್ಕೊಂಡ. ಬ್ರೋಕರ್ ಮಾತ್ರ ನಗು ಬಿಡ್ಲಿಲ್ಲ. "ನೀವು ಹುಳದ ಮನೆ ಬಗ್ಗೆ ಯೋಚ್ನೆ ಮಾಡ್ಬೇಡಿ. ನಿಮ್ ಜೀವ ಇರೋಗಂಟ ಅದನ್ನ ಒಬ್ಬ ಮನುಷ್ಯಾನೂ ಕೈಯಿಂದ ಮುಟ್ಟಲ್ಲ. ನನ್ ಮಾತಿದು."

ಅಜ್ಜಿ ಕಣ್ಣು ಸಣ್ಣ ಮಾಡ್ತು.

"ಮನುಷ್ಯ ಮುಟ್ಟಲ್ಲ ಸರಿ. ಜೆಸಿಬಿ ಮುಟ್ತದಾ?"

ಬ್ರೋಕರ್ ಮೈಸೂರ್ ಪಾಕಿನ ಡಬ್ಬಿಗೆ ಮುಚ್ಚಳ ಹಾಕ್ದ. ಅಜ್ಜಿ ಕುಡ್ಲಿನ ಮೇಲೆ ಕೈಯಾಡಿಸ್ಕೊಂಡು ನನ್ ಕಡೆ ತಿರುಗಿ, ಎಲ್ಲಾರಿಗೂ ಕೇಳೋ ಹಂಗೆ ಪಿಸುಗುಟ್ತು: "ನಾನ್ ಹೇಳ್ಲಿಲ್ವಾ?"

ಬಾಗ್ಲು

ಆದ್ರೂ ಅಪ್ಪ ಬಿಡ್ಲಿಲ್ಲ. ವಾರ ಇಡೀ ಹಿಡ್ಕೊಂಡು ಕಾಡ್ದ. ಕೊನೇಗೆ ಅಜ್ಜಿ "ನಿನ್ನಿಷ್ಟ ಕಣ್ಲಾ" ಅಂದ್ಬಿಡ್ತು. ಗುರುವಾರ ಮಧ್ಯಾಹ್ನ, ರಾಹುಕಾಲಕ್ಕೆ ಮುಂಚೆ ಹೆಬ್ಬೆಟ್ಟು ಒತ್ತೋದು ಅಂತಾಯ್ತು.

ಗುರುವಾರವೇ ಹುಳ ಹಣ್ಣಾಗ್ಬೇಕಾ! ಹಣ್ಣಾದ್ವು ಅಂದ್ರೆ ಮೇಯೋದು ಬಿಟ್ಟು, ಮೈ ಜೇನುತುಪ್ಪದ ಬಣ್ಣಕ್ಕೆ ತಿರುಗಿ, ಗೂಡು ಕಟ್ಟೋಕೆ ಜಾಗ ಹುಡುಕ್ತವೆ. ಆವಾಗ ಆರಿಸಿ ಆರಿಸಿ ಚಂದ್ರಿಕೆಗೆ, ಅಂದ್ರೆ ಗೂಡು ಕಟ್ಟೋ ಬಿದಿರಿನ ತಟ್ಟಿಗೆ, ಬಿಡ್ಬೇಕು, ತಡ ಆದ್ರೆ ನೂಲು ಹಾಳು. ಅಜ್ಜಿ ಎದ್ದಿದ್ದೇ ಹುಳದ ಮನೆ ಸೇರ್ಕೊಳ್ತು. ನಾನೂ ಕಾಲೇಜಿಗೆ ಹೋಗ್ಲಿಲ್ಲ. ನಾಕನೇ ಭಾಗದ ಕೊನೇ ಅಧ್ಯಾಯ ಉಳ್ದಿತ್ತು. ತೋಟಾನೇ ಹೋಗುತ್ತೆ ಅಂದ್ಮೇಲೆ ಆ ಸೊಪ್ಪಿನ ಮೂಟೆಗೆ ಒರಗಿ ಓದೋದು ಅದೇ ಕೊನೇ ಸಲ ಅಂದ್ಕೊಂಡು ಒಂದು ಸಾಲೂ ಬಿಡ್ದೆ ಓದ್ತಿದ್ದೆ.

ಈಚೆ ಬ್ರೋಕರ್ ಕಾರ್ ಬಂದ ಸದ್ದಾಯ್ತು. ಅಪ್ಪ ಅಜ್ಜೀನ ಕರ್ಕೊಂಡ್ ಬಾ ಅಂತ ಅಮ್ಮನ್ನ ಕಳಿಸ್ದ. ಅಮ್ಮ ಕಾಲ್ ತೊಳ್ಕೊಂಡು ಒಳಗ್ ಬಂದು, "ಅತ್ತೆ, ಕರೀತಾವ್ರೆ" ಅಂತು. ನಾನು ಓದ್ತಾನೇ ಇದ್ದೆ. ಅಮ್ಮ ಅಲ್ಲೇ ಕೂತು ಹುಳ ಆರಿಸೋಕೆ ಶುರು ಮಾಡ್ತು. "ಆಮೇಲೆ?" ಅಂತ ಕೇಳಿದ್ದೂ ಅಮ್ಮಾನೇ.

ಇನ್ನ ಅಪ್ಪಾನೇ ಬಂದ. ಕೋಪದಲ್ಲಿದ್ರೂ ಕೈಕಾಲು ತೊಳ್ಕೊಂಡೇ ಬಂದ.

"ಏನವ್ವಾ ಇದು! ಅಲ್ಲಿ ಸ್ಟಾಂಪ್ ಪೇಪರ್ ಇಟ್ಕಂಡು ಕಾಯ್ತಾವ್ರೆ, ಇಲ್ಲಿ ಹರಿಕತೆ ನಡೆಸ್ತಿದ್ದೀರಾ?"

"ಮೆಲ್ಲುಕ್ ಮಾತಾಡ್ಲಾ. ಬಾಗ್ಲು ಹಾಕು, ಊಜಿ ನೊಣ ಬತ್ತದೆ."

ಊಜಿ ನೊಣ ಹುಳದ ಮೇಲೆ ಮೊಟ್ಟೆ ಇಟ್ರೆ ಬೆಳೆನೇ ಮಣ್ಣು. ಅಪ್ಪ ಹುಟ್ಟಿದಾಗಿಂದ ಕೇಳಿದ ಮಾತದು. ಕೈ ತನ್ ಪಾಡಿಗೆ ಹೋಗಿ ಬಾಗ್ಲು ಹಾಕಿ ಚಿಲಕ ಜಡೀತು.

"ಓದು ಮಗಾ" ಅಂತು ಅಜ್ಜಿ.

ನಾನು ತಲೆ ಎತ್ತದೇ ಓದ್ದೆ. ಕಿನ್ನರ ರಾಜ ಬೆಟ್ಟ ಹತ್ತಿ ಬಂದು ಬಾಗ್ಲಲ್ಲಿ ನಿಂತಿದಾನೆ. ಮೂರು ಸಲ ಕೂಗ್ತಾನೆ. ಒಳಗಿಂದ ಯಾರಾದ್ರೂ ಒಂದ್ಸಲ ಓಗೊಟ್ರೂ ಸಾಕು, ಮನೆ, ತೋಟ ಎಲ್ಲಾ ಅವನದ್ದಾಗುತ್ತೆ.

"ರೆಕ್ಕೆ ಹುಡ್ಗ ಎಲ್ಲವ್ನೆ?" ಅಂತು ಅಜ್ಜಿ.

"ವಾಪಸ್ ಬಂದವ್ನೆ ಅಜ್ಜಿ. ಒಳಗೇ, ಅವಳ್ ಪಕ್ಕದಲ್ಲೇ."

"ಅವ್ನೂ ಓಗೊಡಂಗಿಲ್ವಾ?"

"ಯಾರೂ ಓಗೊಡಂಗಿಲ್ಲ."

ಈಚೆಯಿಂದ ಟಕ್ ಟಕ್ ಅಂತು. "ಯಜಮಾನ್ರೇ?"

ಅಪ್ಪ ಬಾಗ್ಲ ಕಡೆ ತಿರುಗ್ದ. ಅಜ್ಜಿ ತಟ್ಟೆಯಿಂದ ಒಂದು ಹುಳ ಎತ್ತಿ ಅಪ್ಪನ ಅಂಗೈಲಿ ಇಡ್ತು. ಅಪ್ಪ ಅದನ್ನ ಕಿಟಕಿ ಬೆಳಕಿಗೆ ಹಿಡ್ದ. ಮೈಯೊಳಗೆ ಬೆಳಕು ದಾಟಿ ಕಾಣ್ತಿತ್ತು.

"ಈ ಸಲ ಚೆಂದಾಗ್ ಹಣ್ಣಾಗವೆ ಕಣವ್ವಾ" ಅಂದ, ಸಣ್ಣ ದನೀಲಿ. ಅದನ್ನ ಚಂದ್ರಿಕೆಗೆ ಬಿಟ್ಟು ಇನ್ನೊಂದು ಎತ್ಕೊಂಡ. ಆಮೇಲೆ ಮತ್ತೊಂದು. ಹಂಗೇ ಕುಕ್ಕರುಗಾಲಲ್ಲಿ ಕೂತ್ಬಿಟ್ಟ.

ಟಕ್ ಟಕ್ ಟಕ್. "ಯಜಮಾನ್ರೇ, ರಾಹುಕಾಲ ಬಂದ್ಬುಡ್ತದೆ!"

ಅಪ್ಪನ ಬಾಯಿ ಇಷ್ಟು ತೆರೀತು. ಅಪ್ಪ ನನ್ ಮುಖ ನೋಡ್ದ, ಪುಸ್ತಕ ನೋಡ್ದ, ಪಿಸುಮಾತಲ್ಲಿ ಕೇಳ್ದ: "ಎಷ್ಟ್ ಸಲ ಕೂಗ್ದ ಅಂದೆ?"

"ಎರಡಾಯ್ತು" ಅಂತು ಅಮ್ಮ.

ಬಾಗ್ಲು ಅದುರೋ ಹಂಗೆ ಬಡಿದ್ರು. "ಒಳಗ್ ಯಾರಾದ್ರೂ ಇದೀರಾ?"

ನಾನು ಇಲ್ಲ ಅಂತ ತಲೆ ಆಡಿಸ್ದೆ. ನನ್ನ ನೋಡಿ ಅಜ್ಜಿ ಆಡಿಸ್ತು, ಅಮ್ಮ ಆಡಿಸ್ತು. ಕೊನೇಗೆ, ಎರಡೂ ಕೈ ತುಂಬ ಹುಳ ಇಟ್ಕೊಂಡು, ಅಪ್ಪಾನೂ ಆಡಿಸ್ದ.

ಈಚೆ ಇನ್ನೊಂದ್ಸಲ ಬಡಿದ್ರು, ಆಮೇಲೆ ಕಾರ್ ಹೊರಟ ಸದ್ದಾಯ್ತು. ಒಳಗೆ ಇನ್ನೂ ಹಣ್ಣಾಗದ ಹುಳ ಸೊಪ್ಪು ಮೇಯೋ ಸದ್ದು ಬಿಟ್ರೆ ಏನೂ ಇಲ್ಲ.